ಪಟ್ಟಿಯ ಮೂವತ್ತೊಂದನೇ ಸಾಲು

ಸೆಪ್ಟೆಂಬರ್ 19, ಶುಕ್ರವಾರ

ಮದುವೆಯಾಗಿ ಇವತ್ತಿಗೆ ಇಪ್ಪತ್ತೆರಡು ದಿನ! ಎಣಿಸುವುದನ್ನು ನಿಲ್ಲಿಸಬೇಕು ಅಂತ ದಿನಾ ಅಂದುಕೊಳ್ಳುತ್ತೇನೆ, ಆಗುತ್ತಿಲ್ಲ. ಬೆಳಿಗ್ಗೆ ಹೈಸಮ್ ಬೀದಿಗೆ ಹೋಗಿ ಬಿಸಿ ಬಿಸಿ ಫೂಲ್, ರೊಟ್ಟಿ ತಂದ. ಬೇಯಿಸಿದ ಕಾಳಿನ ಮೇಲೆ ನನ್ನ ಪಾಲಿನ ನಿಂಬೆಯನ್ನೂ ಅವನೇ ಹಿಂಡಿದ. ಯಾವ ಗಂಡ ಹೆಂಡತಿಗೆ ನಿಂಬೆ ಹಿಂಡಿ ಕೊಡುತ್ತಾನೆ? ನನ್ನ ಗಂಡ! ನನ್ನ ಚಂದ್ರ! ನಮ್ಮ ಬಚ್ಚಲುಮನೆಯ ಕಿಟಕಿಯಿಂದ ಸೊಂಟದವರೆಗೂ ಹೊರಗೆ ಬಗ್ಗಿದರೆ ಸಮುದ್ರ ಕಾಣುತ್ತದೆ, ಒಂದು ಅಂಗೈಯಗಲ. ಬೀಳದ ಹಾಗೆ ಅವನು ಹಿಡಿದುಕೊಳ್ಳುತ್ತಾನೆ. ಅಲೆಕ್ಸಾಂಡ್ರಿಯಾದಲ್ಲಿ ಇಷ್ಟು ಸುಖದ ಸಮುದ್ರ ಇನ್ಯಾರ ಪಾಲಿಗೂ ಬಂದಿರಲಾರದು.

ನಾವು ನಾಲ್ಕನೇ ಮಹಡಿ. ಮೂರರಲ್ಲಿ ಅತ್ತೆ ಸೊಹೈರ್ ಮತ್ತು ಹೈಸಮ್‌ನ ಅಣ್ಣ ವಲೀದ್ ಭಾವ. ಮಾವ ತೀರಿಕೊಂಡ ಮೇಲೆ ಭಾವನೇ ಮನೆಗೆ ಯಜಮಾನರು. ಮೂವತ್ತೊಂಬತ್ತು ವಯಸ್ಸು. ಆರು ವರ್ಷದಿಂದ ಹೆಣ್ಣು ನೋಡುತ್ತಿದ್ದಾರೆ. ಯಾವ ಹೆಣ್ಣಿನ ಮೂಗೂ ಸರಿಬಂದಿಲ್ಲ.

ಇವತ್ತು ತವರಿನ ಪೆಟ್ಟಿಗೆಗಳನ್ನು ಬಿಚ್ಚುವಾಗ ಅಪ್ಪ ಕೊಟ್ಟ ರೂಟರ್ ಸಿಕ್ಕಿತು. ಆಯ್ಮಾ ಪಟ್ಟಿ ಬರೆದ ದಿನ ನೆನಪಾಗಿ ಒಬ್ಬಳೇ ನಕ್ಕೆ. ನಾನು ತವರಿನಿಂದ ತರುವ ಸಾಮಾನನ್ನೆಲ್ಲ ಅಪ್ಪ ಒಂದೊಂದಾಗಿ ಓದಿದರು. ಫ್ರಿಜ್ಜು, ಒಲೆ, ತೂಗುದೀಪ, ಪರದೆಗಳು. ಮೂವತ್ತನೇ ಸಾಲು ಮಾಂಸ ಕೊಚ್ಚುವ ಮಿಷನ್. ಮೂವತ್ತೊಂದು: "ರೂಟರ್ ಒಂದು, ಕಪ್ಪು ಬಣ್ಣ, ನಾಲ್ಕು ಆಂಟೆನಾ."

ಕೂತಿದ್ದವರೆಲ್ಲ ನಕ್ಕುಬಿಟ್ಟರು. "ಮಾವಾ, ರೂಟರನ್ನ ಯಾರಾದ್ರೂ ಪಟ್ಟಿಗೆ ಹಾಕ್ತಾರಾ? ಕಂಪನಿಯವ್ರು ಪುಕ್ಕಟೆ ಕೊಡ್ತಾರೆ" ಅಂದರು ವಲೀದ್ ಭಾವ.

ಅಪ್ಪ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ತಂತಿ ಜೋಡಿಸಿದವರು. ತಲೆ ಎತ್ತಲೂ ಇಲ್ಲ. "ಪುಕ್ಕಟೆ ಕೊಟ್ಟಿದ್ದು ಕೊಟ್ಟವನ ಮಾತೇ ಕೇಳುತ್ತೆ ಮಗಾ" ಅಂದರು.

ಆಮೇಲೆ ನನ್ನ ಚಂದ್ರ ಸಹಿ ಹಾಕಿದ. ಇವೆಲ್ಲ ನಶ್ವಾಳ ಸ್ವತ್ತು, ನನ್ನ ವಶದಲ್ಲಿವೆ, ಅವಳು ಕೇಳಿದ ದಿನ ಒಪ್ಪಿಸಬೇಕಾದವನು ನಾನು, ಅಂತ. ಸಾಕ್ಷಿಯ ಸಹಿ ವಲೀದ್ ಭಾವನದು. ಹೈಸಮ್ ಸಹಿಯ ಕೊನೆಗೆ ಎಂಥ ಚೆಂದದ ಸುಳಿ ಬಿಡುತ್ತಾನೆ!

ರೂಟರನ್ನು ಬೀರುವಿನ ಮೇಲಿಟ್ಟೆ. ಅದಕ್ಕೀಗ ಕೆಲಸವಿಲ್ಲ, ಕೆಳಗಿನ ಮನೆಯ ನೆಟ್ಟೇ ಮೇಲಕ್ಕೂ ಬರುತ್ತದೆ.

ಸೆಪ್ಟೆಂಬರ್ 24, ಬುಧವಾರ

ಕೆಲಸ ಸಿಕ್ಕಿತು! ಕೆಲಸ ಸಿಕ್ಕಿತು! ಜೆದ್ದಾದ ಮಕ್ಕಳಿಗೆ ಮನೆಯಿಂದಲೇ ಇಂಗ್ಲಿಷ್ ಪಾಠ, ಸಂಜೆ ಏಳರಿಂದ ಎಂಟು. ಆರು ವಾರ ಪರೀಕ್ಷೆಯ ಅವಧಿ. ನಿಯಮ ಒಂದೇ: ಮೂರು ಸಲ ಪಾಠ ನಡುವೆ ನಿಂತರೆ ಕೆಲಸವಿಲ್ಲ. ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಹದಿಮೂರು ವರ್ಷ "ಇಂಗ್ಲಿಷಿನಲ್ಲಿ ಮಾತಾಡು" ಅಂತ ಬೈಸಿಕೊಂಡದ್ದು ಕೊನೆಗೂ ಉಪಯೋಗಕ್ಕೆ ಬಂತು.

ಇವತ್ತೇ ಮೊದಲ ಪಾಠ. ಲಮೀಸ್ ಅನ್ನುವ ಏಳು ವರ್ಷದ ಹುಡುಗಿ, ಮುಂದಿನ ಎರಡು ಹಲ್ಲಿಲ್ಲ. ತನ್ನ ಆಮೆಯನ್ನು ತೋರಿಸುತ್ತಿದ್ದಳು. ಏಳೂವರೆಗೆ ಆಮೆ ಅರ್ಧದಲ್ಲೇ ನಿಂತುಹೋಯಿತು. ಲಮೀಸೂ ನಿಂತಳು.

ಓಡಿ ಕೆಳಗೆ ಹೋದೆ. ಭಾವ ಕುರ್ಚಿಯಲ್ಲಿದ್ದರು.

"ನಾನೇ ನಿಲ್ಲಿಸಿದ್ದು. ಗೊತ್ತಿಲ್ವೇನಮ್ಮಾ ಮದುಮಗಳೇ? ಇವತ್ತಿಂದ ಸಂಜೆ ಬಾಂಗ್ ಆದ್ಮೇಲೆ ರಾತ್ರಿ ನಮಾಜಿನವರೆಗೂ ಈ ಮನೇಲಿ ನೆಟ್ ಇಲ್ಲ. ಅಪ್ಪ ಇದ್ದಾಗ ಆ ಹೊತ್ನಲ್ಲಿ ಎಲ್ರೂ ಒಟ್ಟಿಗೆ ಕೂತು ಮಾತಾಡ್ತಿದ್ವಿ."

ಅತ್ತೆ ಕೂತು ಎಲೆಕೋಸಿನ ಎಲೆಯಲ್ಲಿ ಅನ್ನ ಸುತ್ತುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಭಾವ ತಮ್ಮ ಫೋನಿನ ನೆಟ್ಟಿನಲ್ಲಿ ಫುಟ್‌ಬಾಲ್ ನೋಡುತ್ತಿದ್ದರು.

ಒಂದು ಹೋಯಿತು. ಉಳಿದದ್ದು ಎರಡು.

ಸೆಪ್ಟೆಂಬರ್ 28, ಭಾನುವಾರ

ಆಮೇಲಿನ ಎರಡು ಪಾಠಗಳನ್ನು ನನ್ನ ಫೋನಿನ ನೆಟ್ಟಿನಲ್ಲೇ ಮಾಡಿದೆ. ತಿಂಗಳಿಡೀ ಬರಬೇಕಾದದ್ದು ಎರಡು ಸಂಜೆಗೆ ಖಾಲಿ. ಹೈಸಮ್ ಹತ್ತಿರ ಹೇಳಿಸಿದೆ. ಅಂದರೆ, ಹೇಳು ಅಂದೆ. ಅವನು ಕೆಳಗೆ ಹೋಗಿ ಚಹಾ ಕುಡಿದು ಬಂದ.

"ಹೇಳಿದ್ಯಾ?"

"ಮಾತು ಆ ಕಡೆ ತಿರುಗ್ಲಿಲ್ಲ ಚಿನ್ನಾ. ಬಿಡು, ದೊಡ್ಡದು ಮಾಡ್ಬೇಡ. ಅಣ್ಣ ಒಳ್ಳೆಯವ್ನು."

ಎಷ್ಟು ಮೃದು ಮನಸ್ಸು ನನ್ನ ಗಂಡನದು! ಯಾರಿಗೂ ನೋವು ಮಾಡಲಾರ.

ಕೊನೆಗೆ ನಾನೇ ಕೇಳಿದೆ. ಭಾವ ಅಂದರು, "ಮದುಮಗಳು ದುಡಿಯೋ ಅವಶ್ಯಕತೆ ಏನು? ಹೈಸಮ್ ಉಪವಾಸ ಕೆಡವಿದಾನಾ?"

"ಇಲ್ಲ ಭಾವ, ಹೊಟ್ಟೆ ತುಂಬಿದೆ. ಅದಕ್ಕೇ ಶಕ್ತಿ ಇದೆ, ದುಡೀತೀನಿ."

ಅತ್ತೆ ಕೆಮ್ಮಿದರು. ನಕ್ಕರೇನೋ ಅಂತ ಅನುಮಾನ.

ನಮ್ಮ ಮಹಡಿಗೆ ಮಾವ ಹಾಕಿಸಿದ ಟೆಲಿಫೋನ್ ತಂತಿ ಬೇರೆಯೇ ಇದೆ. ಅದಕ್ಕೆ ನೆಟ್ ಹಾಕಿಸುತ್ತೇನೆ, ಅಲ್ಲಿಯವರೆಗೆ ಫೋನಿಗೆ ದುಡ್ಡು ತುಂಬಿಸುತ್ತೇನೆ. ಅರ್ಜಿ ನನ್ನ ಹೆಸರಿನಲ್ಲೇ ಇರಬೇಕು ಅಂತ ಹಠ ಹಿಡಿದೆ. ಹೈಸಮ್ ನಕ್ಕು ಒಪ್ಪಿದ.

ಅಕ್ಟೋಬರ್ 7, ಮಂಗಳವಾರ

ಕಂಪನಿಯಿಂದ ತಂತಿಯವನು ಬಂದ. ನಮ್ಮೂರಲ್ಲಿ ಸ್ಕ್ರೂಡ್ರೈವರ್ ಹಿಡಿದವರೆಲ್ಲ ಇಂಜಿನಿಯರ್ರೇ, ಹಾಗಾಗಿ ಇವರೂ ಇಂಜಿನಿಯರ್. ಕೈಯಲ್ಲಿ ಒಂದು ಬಿಳಿ ಪೆಟ್ಟಿಗೆ. ನಾನು ಬೀರುವಿನ ಮೇಲಿಂದ ಅಪ್ಪನ ಕಪ್ಪು ರೂಟರ್ ಇಳಿಸಿಕೊಟ್ಟೆ.

"ಇದು ಆಗಲ್ಲ ಮೇಡಂ. ನಮ್ದೇ ಹಾಕ್ಬೇಕು."

"ಯಾಕೆ ಇಂಜಿನಿಯರ್ರೇ, ಇದು ಕೆಟ್ಟದ್ದಾ?"

"ಕೆಟ್ಟದ್ದಲ್ಲ. ನಮ್ದಕ್ಕಿಂತ ಚೆನ್ನಾಗಿದೆ. ಆದ್ರೆ ನಮ್ದಲ್ಲ."

ನಾನು ಅವರಿಗೆ ಚಹಾ ಮಾಡಲು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು, ಬಿಳಿ ಪೆಟ್ಟಿಗೆ ಹಸಿರು ಕಣ್ಣು ಮಿಟುಕಿಸುತ್ತಿತ್ತು. ಪೆಟ್ಟಿಗೆಯನ್ನು ಫೋನಿನಿಂದಲೇ ಶುರುಮಾಡಿ ನಿಲ್ಲಿಸಲು ಒಂದು ನಂಬರ್ ಬೇಕು ಅಂತ ಅವರು ಕೇಳಿದರಂತೆ. ಹೈಸಮ್ ಕೊಟ್ಟನಂತೆ.

"ಯಾರ ನಂಬರ್ ಕೊಟ್ಟೆ?"

"ವಲೀದ್‌ದು. ಇದೆಲ್ಲ ಅವ್ನಿಗೇ ಅಲ್ವಾ ತಿಳಿಯೋದು."

ಚಹಾವನ್ನು ಇಂಜಿನಿಯರ್ರಿಗೆ ಮಾತ್ರ ಕೊಟ್ಟೆ.

ಅಕ್ಟೋಬರ್ 8, ಬುಧವಾರ

ಏಳು ಗಂಟೆ ಹತ್ತು ನಿಮಿಷ. ಲಮೀಸ್ ಆಮೆಯ ಹೆಸರು ಹೇಳುತ್ತಿದ್ದಳು. ಹೋಯಿತು.

ಇನ್ನು ಒಂದೇ ಉಳಿದಿರುವುದು.

ಅಕ್ಟೋಬರ್ 9, ಗುರುವಾರ

ಅಪ್ಪನಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಅಳು ಮುಗಿದ ಮೇಲೆ ಅಪ್ಪ ಹೇಳಿದರು, "ನೋಡು ಮಗಳೇ, ಪೆಟ್ಟಿಗೆ ಯಾರದು ಅಂತ ತಂತಿಗೆ ಗೊತ್ತಾಗಲ್ಲ. ಅದು ಕೇಳೋದು ಎರಡೇ, ಒಂದು ಹೆಸರು, ಒಂದು ಪಾಸ್‌ವರ್ಡ್. ಎರಡೂ ಕಂಪನಿ ಹತ್ರ ಇವೆ. ಒಪ್ಪಂದ ನಿನ್ನ ಹೆಸರಲ್ಲಿ, ಕೇಳೋ ಹಕ್ಕೂ ನಿಂದೇ. ಅದನ್ನ ಇಸ್ಕೊಂಡು ಕಪ್ಪು ರೂಟರಿಗೆ ತುಂಬು. ಬಿಳಿಯದು ಯಾರ ಮಾತಾದ್ರೂ ಕೇಳ್ಲಿ."

"ಕೊಡದೇ ಇದ್ರೆ?"

"ಕುರ್ಚಿ ಇರುತ್ತಲ್ಲ ಅಲ್ಲಿ. ಕೂತ್ಕೋ."

ಪಾಠಗಳಿಗೆ ನಾಲ್ಕು ದಿನ ರಜೆ ಕೇಳಿದೆ. ಮೇಲ್ವಿಚಾರಕಿ ಕೊಟ್ಟರು, ಒಂದು ನಿಟ್ಟುಸಿರಿನ ಜೊತೆ.

ಅಕ್ಟೋಬರ್ 12, ಭಾನುವಾರ

ಕೂತೆ.

ಕಂಪನಿಯ ಕಚೇರಿ ಬಾಗಿಲು ತೆಗೆದಾಗ ಹೋದವಳು ಅವರು ಬಾಗಿಲು ಹಾಕುವ ಹೊತ್ತಿಗೆ ಹೊರಗೆ ಬಂದೆ. ಚೀಟಿ ನಂಬರ್ ಎಂಬತ್ತನಾಲ್ಕು. ಕಿಟಕಿಯ ಹುಡುಗಿಯ ಉಗುರು ಎಷ್ಟು ಚೆಂದವಿತ್ತು ಅಂದರೆ ಜಗಳವಾಡಲು ಮನಸ್ಸೇ ಬರಲಿಲ್ಲ. ಆದರೂ ಆಡಿದೆ.

"ಪಾಸ್‌ವರ್ಡ್ ಗ್ರಾಹಕರಿಗೆ ಕೊಡಲ್ಲ ಮೇಡಂ. ಸಿಸ್ಟಮ್ ಬಿಡಲ್ಲ."

"ಸರಿ, ಆ ಪೆಟ್ಟಿಗೆ ನಡೆಸೋ ಫೋನ್ ನಂಬರಾದ್ರೂ ಬದಲಾಯ್ಸಿ. ನಂದು ಹಾಕಿ."

"ಬದಲಾಯ್ಸೋಕೆ ಹಳೇ ನಂಬರಿಗೆ ಸಂದೇಶ ಹೋಗುತ್ತೆ. ಅವ್ರು ಒಪ್ಪಬೇಕು."

"ಅಂದ್ರೆ ನನ್ನ ಮನೆ ಬೀಗದ ಕೈ ನಂಗೆ ಕೊಡೋಕೆ ನನ್ನ ಭಾವನ ಅಪ್ಪಣೆ ಬೇಕು!"

ಹಿಂದೆ ಕೂತಿದ್ದ ಹೆಂಗಸರು ಯಾರೋ "ಅಯ್ಯೋ, ಭಾವನಾ!" ಅಂದರು, ರೋಗದ ಹೆಸರು ಕೇಳಿದ ಹಾಗೆ.

ಮತ್ತೆ ಕುರ್ಚಿಗೆ ಬಂದು ಒಪ್ಪಂದದ ಕಾಗದ ಬಿಚ್ಚಿದೆ. ಮುಂದಿನ ಪುಟ ಅರಬಿ. ಹಿಂದಿನ ಪುಟಗಳು ಇಂಗ್ಲಿಷ್, ಇರುವೆಯಷ್ಟು ಅಕ್ಷರ, ಯಾರೂ ಓದಬಾರದು ಅಂತಲೇ ಮುದ್ರಿಸಿದ್ದು. ಶಾಲೆಯಲ್ಲಿ ಸಿಸ್ಟರ್ ಬೆನೆಡಿಕ್ಟಾ ನಮ್ಮಿಂದ ಎಂತೆಂಥ ಪುಟಗಳನ್ನು ಗಟ್ಟಿಯಾಗಿ ಓದಿಸಿದ್ದರು! ನಾನೂ ಗಟ್ಟಿಯಾಗಿಯೇ ಓದಿದೆ. ಹನ್ನೆರಡನೇ ನಿಯಮ: ಗ್ರಾಹಕರು ತಮ್ಮದೇ ಸಾಧನವನ್ನು ಬಳಸಬಹುದು, ಅದರ ದುರಸ್ತಿಗೆ ಕಂಪನಿ ಹೊಣೆಯಲ್ಲ. ಓದಿ, ಎದ್ದು ನಿಂತು, ಇಡೀ ಹಾಲಿಗೆ ಅರಬಿಯಲ್ಲಿ ಹೇಳಿದೆ.

"ನಂಗೂ ಅದ್ನೇ ಇಲ್ಲ ಅಂದಿದ್ರು" ಅಂದರು ಒಬ್ಬ ಮುದುಕರು. "ಇನ್ನೊಂದ್ಸಲ ಓದಮ್ಮಾ, ನನ್ನ ಕಿವಿ ಮಂದ."

ಇನ್ನೊಂದು ಸಲ ಓದಿದೆ. ಮೂರನೇ ಸಲಕ್ಕೆ ಒಳಗಿನಿಂದ ಮ್ಯಾನೇಜರ್ ಬಂದರು. ಟೈ ಸರಿಮಾಡಿಕೊಂಡು, "ಮೇಡಂ, ನಿಮ್ಮದು ಕೆಟ್ರೆ ನಾವು ಬರಲ್ಲ" ಅಂದರು.

"ನಿಮ್ಮದು ಕೆಟ್ಟಾಗ ಯಾರ ಮನೆಗಾದ್ರೂ ಬಂದಿದೀರಾ?"

ಹಾಲಿಗೆ ಹಾಲೇ ನಕ್ಕಿತು. ಉಗುರಿನ ಹುಡುಗಿಯೂ. ಒಂದು ಚೀಟಿಯ ಮೇಲೆ ಹೆಸರು, ಪಾಸ್‌ವರ್ಡ್ ಬರೆದು ಕೊಟ್ಟರು. ಅಂಗಿಯೊಳಗೆ ಇಟ್ಟುಕೊಂಡು ಟ್ರಾಮಿನಲ್ಲಿ ಮನೆಗೆ ಬಂದೆ. ಎದುರು ಕೂತವರಿಗೆಲ್ಲ ಹೇಳಬೇಕು ಅನ್ನಿಸುತ್ತಿತ್ತು.

ಅಕ್ಟೋಬರ್ 13, ಸೋಮವಾರ

ಬಂತು! ನನ್ನ ಕಪ್ಪು ರೂಟರ್ ಎದ್ದಿತು! ಅಪ್ಪ ಫೋನಿನಲ್ಲಿ ಹೇಳುತ್ತಾ ಹೋದರು, ನಾನು ಒತ್ತುತ್ತಾ ಹೋದೆ. ನೆಟ್ಟಿಗೆ "ಮೂವತ್ತೊಂದು" ಅಂತ ಹೆಸರಿಟ್ಟೆ. ಬಿಳಿ ಪೆಟ್ಟಿಗೆಯನ್ನು ತುಳಸಿಯಂಥ ರೇಹಾನ್ ಗಿಡದ ಕುಂಡದ ಕೆಳಗೆ ಮಣೆ ಮಾಡಿದೆ, ಸರಿಯಾದ ಎತ್ತರ. ಲಮೀಸಳ ಆಮೆಯ ಹೆಸರು ಕೊನೆಗೂ ಗೊತ್ತಾಯಿತು: ಸಕ್ಕರೆ!

ಬಚ್ಚಲುಮನೆಯ ಕಿಟಕಿಯ ಕೆಳಗೆ ಸ್ಟೂಲು ಹಾಕಿಕೊಂಡೆ. ಸಮುದ್ರ ನೋಡಲು ಬಗ್ಗುವುದು ಈಗ ಸುಲಭ, ಯಾರೂ ಹಿಡಿಯಬೇಕಿಲ್ಲ.

ಅಕ್ಟೋಬರ್ 24, ಶುಕ್ರವಾರ

ಮಧ್ಯಾಹ್ನ ತವರಿನಲ್ಲಿ ಮೀನಿನೂಟ. ಸಂಜೆ ಮನೆಗೆ ಬಂದರೆ ರೂಟರ್ ಇಲ್ಲ. ಕುಂಡ ನೆಲದ ಮೇಲಿದೆ, ಬಿಳಿ ಪೆಟ್ಟಿಗೆ ತಂತಿ ಕಚ್ಚಿಕೊಂಡು ಹಸಿರು ಕಣ್ಣು ಮಿಟುಕಿಸುತ್ತಿದೆ. ಅದರ ಕೆಳಗೆ ಭಾವನ ಕೈಬರಹದ ಚೀಟಿ: "ನಿಮ್ಮದು ಬಲವಾಗಿದೆ, ಅಮ್ಮನ ಕೋಣೆಗೂ ಬರಲಿ ಅಂತ ಕೆಳಗೆ ಒಯ್ದೆ. ನಾವೆಲ್ಲ ಒಂದೇ ಮನೆ ತಾನೆ."

ನಮ್ಮ ಮನೆಯ ಇನ್ನೊಂದು ಬೀಗದ ಕೈ ಕೆಳಗಿನ ಮನೆಯ ಮೊಳೆಯಲ್ಲಿ ತೂಗುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

"ಹೈಸಮ್."

"ಬಿಡು ನಶ್ವಾ. ಒಂದು ಪೆಟ್ಟಿಗೆ ಹೋಗಿ ಇನ್ನೊಂದು ಬಂತು. ಎರಡರಲ್ಲೂ ಬರೋದು ನೆಟ್ಟೇ."

ಇದು ಮೃದು ಮನಸ್ಸೋ ಮತ್ತೇನೋ, ಇವತ್ತು ನನಗೆ ತಿಳಿಯಲಿಲ್ಲ. ವಾರದ ರಜೆ ಮುಗಿದು ಭಾನುವಾರ ಏಳಕ್ಕೆ ಪಾಠವಿದೆ.

ಅಕ್ಟೋಬರ್ 25, ಶನಿವಾರ

ಪಟ್ಟಿಯ ಮೂಲ ಪ್ರತಿ ಅಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿದೆ, ನನ್ನ ಹತ್ತಿರ ನಕಲು. ಬೆಳಿಗ್ಗೆ ಹತ್ತಕ್ಕೆ ಅದನ್ನು ಹಿಡಿದು ಕೆಳಗಿಳಿದೆ. ನನ್ನ ರೂಟರ್ ಟಿವಿಯ ಪಕ್ಕ, ಅತ್ತೆ ಹೆಣೆದ ಬಿಳಿ ದಾರದ ಹೊದಿಕೆ ಹೊದ್ದು, ಅಲ್ಲೇ ಹುಟ್ಟಿ ಬೆಳೆದ ಹಾಗೆ ಕೂತಿತ್ತು.

"ಭಾವ, ಮೂವತ್ತೊಂದನೇ ಸಾಲು ಓದಿ."

"ಏನಿದು?"

"ಆಮೇಲೆ ಕೆಳಗಡೆ ಸಾಕ್ಷಿ ಸಹಿ ಯಾರದು ನೋಡಿ."

ಭಾವನ ಬಾಯಲ್ಲಿ ರೊಟ್ಟಿ ಹಾಗೇ ನಿಂತಿತು. ಅತ್ತೆ ಅಡುಗೆಮನೆಯಿಂದ ಇಣುಕಿದರು, ಕಾಗದ ನೋಡಿದರು, ಎರಡೂ ಕೈಯಲ್ಲಿ ಎದೆ ಬಡಿದುಕೊಂಡರು. "ಪಟ್ಟಿ ತೆಗೆದ್ಲು! ಎರಡು ತಿಂಗಳಿಗೇ ಪಟ್ಟಿ ತೆಗೆದ್ಲು! ನನ್ನ ಮಗನ ಸಂಸಾರ ಮುರೀತು!"

ಆಗ ಹೊಳೆಯಿತು. ಪಟ್ಟಿ ಹೊರಗೆ ಬರುವುದು ಒಂದೇ ದಿನ, ಹೆಂಡತಿ ತಲಾಖ್ ಕೇಳಿ ಕೋರ್ಟಿಗೆ ಹೋಗುವ ದಿನ. ನನಗೆ ಗೊತ್ತಿರಲಿಲ್ಲ ಅಂತಲ್ಲ, ಇಡೀ ಊರಿಗೆ ಗೊತ್ತು. ನಾನು ಮೂವತ್ತೊಂದನೇ ಸಾಲನ್ನಷ್ಟೇ ನೋಡುತ್ತಿದ್ದೆ.

ಎರಡನೇ ಮಹಡಿಯ ಬಾಗಿಲು ತೆರೆಯಿತು. ಒಂದನೇ ಮಹಡಿಯದೂ. ಹನ್ನೊಂದರೊಳಗೆ ಅಪ್ಪನ ಫೋನ್ ಬಂತು.

"ಮಗಳೇ, ವಾಪಸ್ ಬರ್ತಿದೀಯಂತೆ?"

"ನಾನು ಬರ್ತಿಲ್ಲಪ್ಪ. ರೂಟರ್ ವಾಪಸ್ ಬರ್ಬೇಕು."

"ಹಾಗಾದ್ರೆ ಸರಿ" ಅಂದು ಇಟ್ಟರು.

ಹೈಸಮ್ ತಾನು ಕೆಲಸ ಮಾಡುವ ಔಷಧದಂಗಡಿ ಬಿಟ್ಟು ಓಡಿಬಂದ. ಮುಖ ಸುಣ್ಣವಾಗಿತ್ತು. "ನನ್ನ ಮೇಲೆ ಪಟ್ಟಿ ತೆಗೆದ್ಯಾ? ಅದ್ರಲ್ಲಿರೋದು ಕಾಣೆಯಾದ್ರೆ ಜೈಲಿಗೆ ಹೋಗೋನು ವಲೀದ್ ಅಲ್ಲ, ನಾನು!"

"ಗೊತ್ತು. ಹಾಗಾದ್ರೆ ತಂದ್ಕೊಡು."

"ತಪ್ಪಾಯ್ತು ಅಂತ ಕೆಳಗೆ ಹೋಗಿ ಹೇಳು. ಎಲ್ಲ ಮುಗಿಯುತ್ತೆ."

"ಪಟ್ಟಿ ಹಿಡಿದು ಹೋಗಿದ್ದು ತಪ್ಪು, ಅದನ್ನ ಹೇಳ್ತೀನಿ. ಕೇಳಿದ್ದು ತಪ್ಪಲ್ಲ, ಅದನ್ನ ಹೇಳಲ್ಲ."

ಅವನು ಇನ್ನೊಂದು ಕೋಣೆಯಲ್ಲಿ ಮಲಗಿದ್ದಾನೆ. ನಾನು ಅಳಬಹುದು ಅಂದುಕೊಂಡಿದ್ದೆ. ನಾಳೆಯ ಪಾಠದ ಚಿತ್ರಗಳನ್ನು ಕತ್ತರಿಸಿಟ್ಟೆ.

ಅಕ್ಟೋಬರ್ 26, ಭಾನುವಾರ

ಐದು ಗಂಟೆಗೆ ಬಾಗಿಲು ತಟ್ಟಿದ ಸದ್ದು. ಅತ್ತೆ. ಮಂಡಿನೋವಿನಿಂದ ಅವರು ಮೆಟ್ಟಿಲು ಹತ್ತುವುದೇ ಇಲ್ಲ. ಬಂದವರು ತೂಗುದೀಪದ ಕೆಳಗೆ ಕೂತು ಉಸಿರು ಸುಧಾರಿಸಿಕೊಂಡರು.

"ಆ ಪಟ್ಟಿ ತಾ. ಓದು. ಮೊದಲ್ನೇ ಸಾಲಿಂದ."

ನಿಂತೇ ಓದಿದೆ. ಫ್ರಿಜ್ಜು, ಒಲೆ. ಒಂಬತ್ತಕ್ಕೆ ಬಂದಾಗ ಕೈ ಅಡ್ಡ ಹಿಡಿದರು.

"ನಿಂದು ಒಂಬತ್ತನೇದು ಏನು?"

"ಇಸ್ತ್ರಿಪೆಟ್ಟಿಗೆ."

"ನನ್ನ ಪಟ್ಟೀಲಿ ಒಂಬತ್ತನೇದು ಹೊಲಿಗೆ ಮಿಷನ್. ಕಾಲಲ್ಲಿ ತುಳಿಯೋದು. ಮದುವೆಗೆ ಮುಂಚೆ ನಾನು ದಮನ್‌ಹೂರಲ್ಲಿ ಮದುಮಗಳ ಬಟ್ಟೆ ಹೊಲಿತಿದ್ದೆ, ಗೊತ್ತಾ? ನಾದಿನಿ ಬಂದ್ಲು, ಒಂದು ವಾರಕ್ಕೆ ಅಂತ ಒಯ್ದಳು. ನಿಮ್ಮ ಮಾವ ಅಂದ್ರು, ಬಿಡು ಸೊಹೈರ್, ದೊಡ್ಡದು ಮಾಡ್ಬೇಡ. ಬಿಟ್ಟೆ." ಗಲ್ಲದ ಕೆಳಗೆ ರುಮಾಲು ಬಿಗಿ ಮಾಡಿಕೊಂಡರು. "ನಲವತ್ತೊಂದು ವರ್ಷ ಆಯ್ತು. ಆ ವಾರ ಇನ್ನೂ ಮುಗಿದಿಲ್ಲ."

"ಪಟ್ಟಿ ತೆಗೆದಿದ್ದಕ್ಕೆ ಕ್ಷಮಿಸಿ ಅತ್ತೆ" ಅಂದೆ.

"ನಾಚಿಕೆಗೆಟ್ಟವಳು ನೀನು" ಅಂದರು. ಬೈಗುಳ ಅಂತ ಅನ್ನಿಸಲಿಲ್ಲ.

ಅಷ್ಟು ಹೊತ್ತಿಗೆ ಹೈಸಮ್ ಕೆಲಸ ಮುಗಿಸಿ ಮೆಟ್ಟಿಲು ಹತ್ತಿ ಬಂದ, ಬಾಗಿಲಲ್ಲೇ ನಿಂತ.

"ಸಹಿ ಹಾಕಿದ ಕೈ ಯಾವ್ದೋ?" ಅಂದರು ಅತ್ತೆ.

ಅವನು ಏನೂ ಅರ್ಥವಾಗದೆ ಬಲಗೈ ಎತ್ತಿದ.

"ಹೋಗು. ಆ ಕೈಯಲ್ಲೇ ಹೊತ್ಕೊಂಡು ಬಾ."

"ಅಮ್ಮಾ, ವಲೀದ್..."

"ವಲೀದ್‌ನ ಹೆತ್ತಿದ್ದು ನಾನು. ಬೇಕಿದ್ರೆ ನನ್ನ ಹತ್ರ ಬಂದು ಮಾತಾಡ್ಲಿ. ನಾನು ಇಲ್ಲೇ ಕೂತಿರ್ತೀನಿ."

ಕೆಳಗೆ ಒಂದು ಕೂಗು ಕೇಳಿತು, ಭಾವನದು. ಆಮೇಲೆ ಇನ್ನೊಂದು, ಅದಕ್ಕಿಂತ ದೊಡ್ಡದು. ಹೈಸಮ್ ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಒಡೆದ ದನಿ, ಹತ್ತನೇ ತರಗತಿಯ ಹುಡುಗನ ಹಾಗೆ. ಆರೂವರೆಗೆ ಅವನು ಬೆವರಿಕೊಂಡು ಮೇಲೆ ಬಂದ. ಬಲಗೈಯಲ್ಲಿ ರೂಟರ್, ದಾರದ ಹೊದಿಕೆ ಇನ್ನೂ ಅದರ ಮೇಲೆಯೇ ಇತ್ತು. ಎಡಗೈಯಲ್ಲಿ ಕೆಳಗಿನ ಮೊಳೆಯಲ್ಲಿ ತೂಗುತ್ತಿದ್ದ ನಮ್ಮ ಬೀಗದ ಕೈ. ಅದನ್ನು ಯಾರೂ ಕೇಳಿರಲಿಲ್ಲ.

ಏಳಕ್ಕೆ ಲಮೀಸ್ ಬಂದಳು. ಒಂದು ಹಲ್ಲು ಹುಟ್ಟುತ್ತಿದೆ. ಎಂಟರವರೆಗೂ ಸಕ್ಕರೆ ಒಂದು ಸಲವೂ ನಿಲ್ಲಲಿಲ್ಲ.

ನವೆಂಬರ್ 7, ಶುಕ್ರವಾರ

ಕೆಲಸ ಕಾಯಂ ಆಯಿತು! ಬುಧವಾರ ಪತ್ರ ಬಂತು. ಬರೆಯಲು ಬಿಡುವಿರಲಿಲ್ಲ, ಈಗ ಇನ್ನೂ ನಾಲ್ಕು ಮಕ್ಕಳು ಸೇರಿದ್ದಾರೆ.

ಕೆಳಗಿನ ಮನೆಯ ನಿಯಮ ಹಾಗೇ ಇದೆ, ಬಾಂಗ್ ಆದ ಮೇಲೆ ನೆಟ್ ಇಲ್ಲ. ಎಂಟಕ್ಕೆ ಪಾಠ ಮುಗಿಸಿ ನಾನೇ ಇಳಿದು ಹೋಗಿ ಒಂದು ಲೋಟ ಚಹಾ ಕುಡಿದು ಬರುತ್ತೇನೆ. ಯಾರೂ ಕರೆದಿಲ್ಲ, ನನಗೆ ಬೇಕೆನಿಸಿದಾಗ ಹೋಗುತ್ತೇನೆ. ಭಾವ ಹತ್ತು ದಿನ ಮಾತಾಡಲಿಲ್ಲ. ನಿನ್ನೆ ಮಾತ್ರ, "ಆಮೆ ಹೇಗಿದೆ?" ಅಂದರು.

ಹೈಸಮ್ ಬಗ್ಗೆ ಬರೆಯುವುದು ಮರೆತೆ. ಚೆನ್ನಾಗಿದ್ದಾನೆ. ನಿಂಬೆಯನ್ನು ಈಗ ನಾನೇ ಹಿಂಡಿಕೊಳ್ಳುತ್ತೇನೆ, ಅವನು ಬೀಜ ತೆಗೆಯುವುದಿಲ್ಲ.

ಇವತ್ತು ಅತ್ತೆ ಮತ್ತೆ ಮೇಲೆ ಬಂದರು, ಸೆರಗಿನಂಥ ದೊಡ್ಡ ಶಾಲಿನೊಳಗೆ ಫೋನ್ ಬಚ್ಚಿಟ್ಟುಕೊಂಡು. ಸಂಜೆ ಹೊತ್ತಿನಲ್ಲಿ ಹೊಲಿಗೆಯ ವೀಡಿಯೋ ನೋಡಬೇಕಂತೆ. ಈಗಿನವರು ತೋಳನ್ನು ಬೇರೆಯೇ ಥರ ಕೂರಿಸುತ್ತಾರಂತೆ. "ವಲೀದ್‌ಗೆ ತಿಳಿಯೋದು ಬೇಡ. ತಿಳಿದ್ರೂ ಪರವಾಗಿಲ್ಲ."

ಅವರಿಗೆ ನನ್ನ ನೆಟ್ಟಿನ ಪಾಸ್‌ವರ್ಡ್ ಕೊಡಲಿಲ್ಲ. ಅದೇ ರೂಟರಿನಲ್ಲಿ ಅವರದೇ ಇನ್ನೊಂದು ನೆಟ್ ಮಾಡಿದೆ. ಹೆಸರೇನಿಡಲಿ ಅಂತ ಕೇಳಲೂ ಇಲ್ಲ, "ಒಂಬತ್ತು" ಅಂತ ಬರೆದು ತೋರಿಸಿದೆ. ಅತ್ತೆ ತುಂಬಾ ಹೊತ್ತು ಆ ಅಂಕಿಯನ್ನೇ ನೋಡಿದರು. ಆಮೇಲೆ ಫೋನನ್ನು ಕಸಿದುಕೊಂಡು, ಬೆನ್ನು ತಿರುಗಿಸಿ, ಒಂದೊಂದೇ ಅಕ್ಷರ ಒತ್ತಿ ಪಾಸ್‌ವರ್ಡ್ ತಾವೇ ಹಾಕಿದರು.

"ಏನಂತ ಇಟ್ರಿ ಅತ್ತೆ?"

"ನಿನಗ್ಯಾಕೆ?" ಅಂದರು.